ತೂರಾಡುತ್ತಿದ್ದ ಎಂಬ ಕೇಸು

ಕುಡಿದು ಗಾಡಿ ಓಡಿಸಿದವರ ಕೇಸುಗಳು ನಮ್ಮ ಚನ್ನಗಿರಿ ಕೋರ್ಟಿನಲ್ಲಿ ಕಾಫಿ ಆರುವುದರೊಳಗೆ ಮುಗಿದುಹೋಗುತ್ತವೆ. ಹೆಸರು ಕೂಗುತ್ತಾರೆ, ಆಸಾಮಿ ಬಂದು ಕೈಕಟ್ಟಿ ನಿಲ್ಲುತ್ತಾನೆ, ತಪ್ಪು ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಕೇಳುತ್ತಾರೆ, ಅವನು ನೆಲ ನೋಡುತ್ತಾ ತಲೆಯಾಡಿಸುತ್ತಾನೆ, ದಂಡ ಕಟ್ಟಿ ಹೊರಡುತ್ತಾನೆ. ವಕೀಲರಿಗೆ ಅದರಲ್ಲಿ ಮಾಡಲು ಕೆಲಸವೇ ಇಲ್ಲ. ಹಾಗಾಗಿ ಆ ದಿನ ಸಾಲಿನಲ್ಲಿದ್ದವರ ಪೈಕಿ ಒಬ್ಬ, "ನಾನು ಒಪ್ಪಂಗಿಲ್ರಿ, ನಾನು ಕುಡಿದಿಲ್ಲ" ಎಂದಾಗ ಇಡೀ ಹಾಲ್ ಒಮ್ಮೆ ತಲೆಯೆತ್ತಿ ನೋಡಿತು.

ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು. ಆತ ಇನ್ನೊಮ್ಮೆ ಅದನ್ನೇ ಹೇಳಿದ. ವಕೀಲರನ್ನು ಇಟ್ಟುಕೊಂಡಿದ್ದೀಯಾ ಎಂದರೆ ಇಲ್ಲವೆಂದ. ಅವರ ಕಣ್ಣು ಹಾಲ್ ತುಂಬ ಓಡಾಡಿ ಮೊದಲ ಬೆಂಚಿನಲ್ಲಿ ಕೂತಿದ್ದ ನನ್ನ ಮೇಲೆ ಬಂದು ನಿಂತಿತು. ಉಚಿತ ಕಾನೂನು ನೆರವು ಕೊಡುವ ವಕೀಲರಲ್ಲಿ ನಾನೂ ಒಬ್ಬಳು. ಮೊದಲ ಬೆಂಚಿನಲ್ಲೇ ಕೂರಬೇಕೆನ್ನುವ ನನ್ನ ಚಟಕ್ಕೆ ಸಿಕ್ಕ ಬಹುಮಾನ ಎಂದುಕೊಂಡು, ಒಳಗೊಳಗೇ ಗೊಣಗುತ್ತಾ ಎದ್ದು ನಿಂತು ಕೇಸು ಒಪ್ಪಿಕೊಂಡೆ.

ಹೊರಗೆ ಕಾರಿಡಾರಿನಲ್ಲಿ ಆತನನ್ನು ಸರಿಯಾಗಿ ನೋಡಿದೆ. ಐವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಹತ್ತಿರದ ಹಳ್ಳಿಯವನಂತೆ. ಆ ಕಡೆಯ ಒಂದು ಖಾಸಗಿ ಶಾಲೆಯ ಬಸ್ ಓಡಿಸುತ್ತಾನಂತೆ.

"ದಂಡ ಕಟ್ಟಿದ್ದರೆ ಇವತ್ತೇ ಮುಗಿದುಹೋಗ್ತಿತ್ತಲ್ಲ" ಎಂದೆ. ನನ್ನ ದನಿ ಬಿರುಸಾಗಿಯೇ ಇತ್ತು.

"ಮುಗೀತಿತ್ರಿ ಮೇಡಂ. ಅದರ ಜೊತಿಗೆ ನಂದೂ ಮುಗೀತಿತ್ತು. ಕುಡಿದಿದ್ದ ಅಂತ ಕೋರ್ಟ್‌ನಾಗೆ ಆತು ಅಂದ್ರೆ ಬಸ್ ಹತ್ತಬ್ಯಾಡ ಅಂತ ಶಾಲ್ಯಾಗೆ ಹೇಳ್ಯಾರೆ. ಮಕ್ಳ ಬಸ್ಸು ನೋಡ್ರಿ. ಅವರು ಹೇಳಾದ್ರಾಗೆ ತಪ್ಪಿಲ್ಲ."

ತನ್ನ ಅನ್ನಕ್ಕೆ ಕಲ್ಲು ಹಾಕುವವರ ಮಾತಿನಲ್ಲೂ ತಪ್ಪಿಲ್ಲ ಎನ್ನುವ ಕಕ್ಷಿದಾರರು ನನಗೆ ಹೆಚ್ಚಾಗಿ ಸಿಕ್ಕಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು. ಶಾಲೆಯವರು ಸದ್ಯಕ್ಕೆ ಬೇರೊಬ್ಬ ಡ್ರೈವರನ್ನು ಇಟ್ಟುಕೊಂಡಿದ್ದರು. ಜೂನ್‌ನಲ್ಲಿ ಶಾಲೆ ಮತ್ತೆ ಶುರುವಾಗುವವರೆಗೆ ಕಾಯುತ್ತೇವೆ, ಅಷ್ಟರಲ್ಲಿ ನೀನು ಕುಡಿದಿರಲಿಲ್ಲ ಎಂದು ಗೊತ್ತಾಗಬೇಕು ಎಂದಿದ್ದರು.

ನಡೆದದ್ದಿಷ್ಟು. ಅಡಿಕೆ ಸುಗ್ಗಿಯಲ್ಲಿ ಜಗಳೂರು ಕಡೆಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಅಡಿಕೆ ಸುಲಿಯಲು ನಮ್ಮ ಚನ್ನಗಿರಿ ಕಡೆಗೆ ಬರುತ್ತಾರೆ. ಶೆಡ್ಡಿನಲ್ಲೇ ಉಳಿದು, ಅಲ್ಲೇ ಅಡುಗೆ ಮಾಡಿಕೊಂಡು ಕೆಲಸ ಮಾಡುತ್ತಾರೆ. ಈತನ ಊರಿನ ಗುಂಪೊಂದು ಹಾಗೆ ಬಂದಿತ್ತು. ಮಹಾನವಮಿಗೆ ಅವರನ್ನು ಊರಿಗೆ ಕರೆದೊಯ್ಯಲೆಂದು ಈತ ಬಾಡಿಗೆ ಕ್ರೂಸರ್ ತಂದಿದ್ದ. ಶಾಲೆಗೆ ದಸರಾ ರಜೆ ಇತ್ತು. ಸಂಜೆ ಹೆಂಗಸರನ್ನು ಕೂರಿಸಿಕೊಂಡು ಹೊರಟವನನ್ನು ಸಂತೇಬೆನ್ನೂರು ರಸ್ತೆಯಲ್ಲಿ ಪೊಲೀಸರು ಹಿಡಿದರು.

ಆರೋಪಪಟ್ಟಿಯ ನಕಲು ತರಿಸಿ ಓದಿದೆ. ಗಸ್ತಿನಲ್ಲಿದ್ದ ಎಎಸ್‌ಐ ಕೊಟ್ಟ ಹೇಳಿಕೆ ಹೀಗಿತ್ತು: ಆರೋಪಿಯ ಕಣ್ಣು ಕೆಂಪಾಗಿದ್ದವು, ಮುಖ ಬೆವರುತ್ತಿತ್ತು, ನಾಲಿಗೆ ತೊದಲುತ್ತಿತ್ತು, ನಿಲ್ಲಲಾಗದೆ ತೂರಾಡುತ್ತಿದ್ದ, ಹುಳಿ ವಾಸನೆ ಬರುತ್ತಿತ್ತು, ಗಾಡಿಯ ಕೀಲಿ ಕೇಳಿದರೆ ಕೊಡಲಿಲ್ಲ. ಆಸ್ಪತ್ರೆಯ ವೈದ್ಯರ ಸರ್ಟಿಫಿಕೇಟೂ ಅದೇ ದಾರಿ ಹಿಡಿದಿತ್ತು. ವಾಸನೆ ಇದೆ, ಕಣ್ಣು ಕೆಂಪು, ನಾಡಿ ವೇಗವಾಗಿದೆ, ನಡಿಗೆ ಅಸ್ಥಿರ, ಮಾತು ಅಸ್ಪಷ್ಟ, ಮದ್ಯಪಾನ ಮಾಡಿರುವ ಲಕ್ಷಣಗಳಿವೆ. ಉಸಿರು ಊದಿಸುವ ಯಂತ್ರ ಆ ದಿನ ಬೇರೆ ಕಡೆಯ ಬಂದೋಬಸ್ತಿಗೆ ಹೋಗಿತ್ತು. ಹಬ್ಬದ ರಜೆಯಾದ್ದರಿಂದ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರೂ ಇರಲಿಲ್ಲ. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು, ಅಷ್ಟೇ ಸಾಕ್ಷಿ.

ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಾಯ್ದೆ ಕೇಳುವುದು ರಕ್ತದಲ್ಲಿ ಮದ್ಯ ಎಷ್ಟಿತ್ತು ಎಂಬುದನ್ನು. ಅದನ್ನು ಅಳೆದೇ ಇಲ್ಲ. ಪಾಟೀಸವಾಲಿನಲ್ಲಿ ಎರಡೇ ಪ್ರಶ್ನೆ ಕೇಳಿ ಕೂತರೂ ಈತ ಬಿಡುಗಡೆಯಾಗುವುದು ಬಹುತೇಕ ಖಚಿತ. ಮುಂದಿನ ಸಲ ಆತ ಆಫೀಸಿಗೆ ಬಂದಾಗ ಸಂತೋಷದಿಂದಲೇ ಹೇಳಿದೆ.

ಆತನ ಮುಖ ಅರಳಲಿಲ್ಲ. "ಕುಡಿದಿರಲಿಲ್ಲ ಅಂತ ಬರೀತಾರೇನ್ರಿ?"

"ಕುಡಿದಿದ್ದು ಸಾಬೀತಾಗಿಲ್ಲ ಅಂತ ಬರೀತಾರೆ."

"ಅದನ್ನ ನಮ್ಮೂರಾಗೆ ಏನಂತಾರೆ ಗೊತ್ತೈತೇನ್ರಿ? ಲಾಯರ್ ಹಿಡಿದು ತಪ್ಪಿಸ್ಕಂಡ ಅಂತಾರೆ. ಈಗಾಗ್ಲೇ ಒಬ್ಬ ತಾಯಿ, ಅವನೇನಾದ್ರೂ ವಾಪಸ್ ಬಂದ್ರೆ ನನ್ ಮಗೀನ ಬಸ್ಸಿಗೆ ಕಳಸಂಗಿಲ್ಲ ಅಂದಾಳಂತೆ. ಆ ಮಗೀನ ಅಂಗನವಾಡಿಯಿಂದ ನೋಡೀನ್ರಿ ನಾನು."

"ಹಾಗಾದರೆ ಹೇಳಿ, ಕುಡಿದಿಲ್ಲ ಅಂದ ಮೇಲೆ ತೂರಾಡಿದ್ದು ಯಾಕೆ?"

ಆತ ಕಿಟಕಿಯ ಕಡೆ ನೋಡಿದ. "ಸುಸ್ತಾಗಿತ್ರಿ" ಎಂದ. ನಾನು ನಂಬಲಿಲ್ಲ. ಸುಸ್ತಾದವರು ಕೂರುತ್ತಾರೆ, ತೂರಾಡುವುದಿಲ್ಲ. ಈತ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ ಎನಿಸಿತು. ನಿಜ ಹೇಳಬೇಕೆಂದರೆ, ಸ್ವಲ್ಪ ಕುಡಿದಿದ್ದನೋ ಏನೋ ಎಂಬ ಅನುಮಾನವೂ ಬಂತು. ಮಾತು ಮುಂದುವರಿಸಲು ಮನಸ್ಸಾಗದೆ, ನಮ್ಮ ಕಡೆಯ ರೂಢಿಯಂತೆ ಮೇಜಿನ ಮೇಲಿದ್ದ ಎಲೆ ಅಡಿಕೆ ತಟ್ಟೆಯನ್ನು ಮುಂದೆ ತಳ್ಳಿದೆ. ನಮ್ಮಲ್ಲಿ ಬಂದವರಿಗೆ ನೀರು ಕೊಡದಿದ್ದರೂ ನಡೆದೀತು, ಎಲೆ ಅಡಿಕೆ ಕೊಡದಿದ್ದರೆ ಜನರ ಮಾತಿಗೆ ಗುರಿಯಾಗುತ್ತೇವೆ.

ಆತ ಕುರ್ಚಿ ಸಮೇತ ಹಿಂದೆ ಸರಿದ. ತಟ್ಟೆಯಲ್ಲಿ ಹಾವು ಕಂಡಂತೆ.

"ಬ್ಯಾಡ್ರಿ ಮೇಡಂ. ನಿಮ್ಮ ಕಡೆ ಅಡಿಕೆ ನಮಗೆ ಆಗಂಗಿಲ್ಲ."

"ಯಾಕೆ?"

ಕೊನೆಗೆ ಆತ ಬಾಯಿ ಬಿಟ್ಟ. ಅಂದು ಕೊನೆಯ ರಾಶಿ ಸುಲಿಯುವುದು ಮುಗಿಯಲಿ ಎಂದು ಶೆಡ್ಡಿನಲ್ಲಿ ಕಾಯುತ್ತಿದ್ದನಂತೆ. ಸುಮ್ಮನೆ ಕೂರಲಾರದೆ ಕೊಳೆತ ಸಿಪ್ಪೆಯ ರಾಶಿಯನ್ನು ಬುಟ್ಟಿಯಲ್ಲಿ ತುಂಬಿ ಟ್ರ್ಯಾಕ್ಟರಿಗೆ ಹಾಕಿಕೊಟ್ಟನಂತೆ. ನವರಾತ್ರಿಯ ಒಪ್ಪತ್ತು ಹಿಡಿದಿದ್ದರಿಂದ ಬೆಳಗಿನಿಂದ ಊಟ ಮಾಡಿರಲಿಲ್ಲ. ಹೊರಡುವ ಹೊತ್ತಿಗೆ ತೋಟವನ್ನು ಗುತ್ತಿಗೆ ಹಿಡಿದ ಖೇಣಿದಾರ, ಇಷ್ಟು ಕೆಲಸ ಮಾಡಿದ್ದೀಯ ಎಂದು ಉಪಚಾರ ಹೇಳಿ, ಆಗತಾನೇ ಸುಲಿದ ಹಸಿ ಅಡಿಕೆಯನ್ನು ಎಲೆ ಸುಣ್ಣದ ಜೊತೆ ಕೈಗಿಟ್ಟ. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಈತ ಬಾಯಿಗೆ ಹಾಕಿಕೊಂಡು ಗಾಡಿ ಹತ್ತಿದ.

"ರೋಡಿಗೆ ಬರಾಕಿಲ್ಲ, ಕಿವಿ ಬಿಸಿಯಾದ್ವು. ಎದೆ ಹಿಡಿದಂಗಾತು. ಬೆವರು ಕಿತ್ಕಂಡು ಬಂತು. ನಾಲಿಗಿ ದಪ್ಪ ಆಗಿ ಹೊರಳವಲ್ದು. ಗಾಡಿ ಬದಿಗೆ ಹಾಕಿ ಇಳಿದ್ರೆ ನೆಲಾನೇ ತಿರುಗ್ತೈತಿ."

ಅಡಿಕೆ ಸೊಕ್ಕಿತ್ತು. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿ ಅಡಿಕೆ ಅಭ್ಯಾಸವಿಲ್ಲದವರನ್ನು ಒಂದು ಕ್ಷಣದಲ್ಲಿ ಕೆಡವುತ್ತದೆ, ಅದರಲ್ಲೂ ಬರಿ ಹೊಟ್ಟೆಯಲ್ಲಿದ್ದವರನ್ನು. ಉಪ್ಪೋ ಮಜ್ಜಿಗೆಯೋ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆದರೆ ಚಿಕ್ಕಂದಿನಿಂದ ಅದನ್ನೇ ಜಗಿದು ಬೆಳೆದ ನಮಗೆ ಅಡಿಕೆಯೂ ತಲೆ ತಿರುಗಿಸುತ್ತದೆ ಎಂಬುದೇ ಮರೆತುಹೋಗಿದೆ. ಆರೋಪಪಟ್ಟಿ ಓದುವಾಗ ನಾನೇ ಬಾಯಲ್ಲಿ ಅಡಿಕೆ ಇಟ್ಟುಕೊಂಡಿದ್ದೆ, ನನಗೆ ಹೊಳೆದಿರಲಿಲ್ಲ.

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳ್ದೆನ್ರಿ. ಅಡಿಕಿ ತಿಂದೀನಿ ಅಂದೆ. ಅಡಿಕೆ ತಿಂದು ಯಾವನಯ್ಯಾ ಹಿಂಗೆ ತೂರಾಡ್ತಾನೆ ಅಂತ ಎಲ್ಲಾರೂ ನಕ್ರು. ಆಮ್ಯಾಲೆ ಯಾರ ಮುಂದೂ ಹೇಳಲಿಲ್ಲ. ಡಾಕ್ಟ್ರು ಏನು ತಗಂಡೀಯಪ್ಪಾ ಅಂದ್ರು, ಏನಿಲ್ರಿ ಅಂದೆ."

ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಈ ಮನುಷ್ಯ ಕುಡಿದಿರಲಿಲ್ಲ. ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಗಿ, ಕಾಫಿ ತರಿಸಿಕೊಟ್ಟೆ.

ಮರುದಿನವೇ ಶೆಡ್ಡಿಗೆ ಹೋದೆ. ಹೆಂಗಸರು ಹಬ್ಬ ಮುಗಿಸಿ ಬಂದು, ಅಲ್ಲಿನ ಕೆಲಸ ತೀರಿಸಿ ನ್ಯಾಮತಿ ಕಡೆಯ ಬೇರೆ ಶೆಡ್ಡಿಗೆ ಹೋಗಿದ್ದರು. ಖೇಣಿದಾರ ಇದ್ದ. ನಿಜ, ನಾನೇ ಕೊಟ್ಟಿದ್ದೆ ಎಂದು ಒಪ್ಪಿದ. ಸಾಕ್ಷಿ ಹೇಳಲು ಬನ್ನಿ ಎಂದ ಕೂಡಲೇ ಮುಖ ಸಪ್ಪಗಾಯಿತು. "ನಾನು ಕೊಟ್ಟ ಅಡಿಕೆ ತಿಂದು ಮನುಷ್ಯ ಬಿದ್ದ ಅಂತ ಕೋರ್ಟಿನಾಗೆ ಬರ್ಸಾಕಾಗುತ್ತಾ ಮೇಡಂ? ನಮ್ಮ ಅಡಿಕೆಗೆ ಏನು ಹೆಸರು ಉಳೀತೈತೆ?" ಎಂದ. ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ. ಬರುವಾಗ ಹಳೆಯ ಸಿಪ್ಪೆಯ ರಾಶಿಯ ಪಕ್ಕ ನಿಂತೆ. ಹಣ್ಣಡಿಕೆಯ ಸಿಪ್ಪೆ ಕೊಳೆತರೆ ಬರುವ ಆ ಹುಳಿ ನಾತ ನನ್ನ ಸೀರೆಗೆ ಹತ್ತಿ ಮನೆಯವರೆಗೂ ಬಂತು. ಎಎಸ್‌ಐ ಮೂಗಿಗೆ ಬಡಿದದ್ದು ಏನೆಂದು ಗೊತ್ತಾಯಿತು.

ಇಲ್ಲಿ ನನ್ನ ಬಾಯಿಯ ಬಗ್ಗೆ ಹೇಳಬೇಕು. ಅದು ಸುಮ್ಮನಿರುವ ಜಾತಿಯದಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಸರ್ಕಾರಿ ವಕೀಲರು ಎದುರಿಗೆ ಸಿಕ್ಕರು. ಒಳ್ಳೆಯವರು, ನಿಧಾನಸ್ಥರು. ಅವರ ಮುಂದೆ ಅಡಿಕೆಯ ಕಥೆಯನ್ನೆಲ್ಲ ಹೆಮ್ಮೆಯಿಂದ ಬಿಚ್ಚಿಟ್ಟೆ. ಅವರು ಮಂಡಕ್ಕಿ ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗಿದೆ ಮೇಡಂ" ಎಂದರು. "ಆದರೆ ನೀವು ಹೇಳಿದಂಗೇ ಆದ್ರೆ, ತಲೆ ತಿರುಗೋ ಮನುಷ್ಯ ಹೆಂಗಸರನ್ನ ತುಂಬ್ಕೊಂಡು ಗಾಡಿ ಓಡಿಸಿದ ಅಂತ ಆಯ್ತಲ್ಲ? ಮೈ ಸರಿಯಿಲ್ಲದೆ ಗಾಡಿ ಓಡಿಸೋದಕ್ಕೂ ಬೇರೆ ಕಲಂ ಇದೆ. ಅದನ್ನೂ ಸೇರಿಸಿ ಅಂತ ನಾನು ಅರ್ಜಿ ಹಾಕಬೇಕಾಗುತ್ತೆ. ಮದ್ಯ ಅಳೆದಿಲ್ಲ ಅನ್ನೋ ಪಾಯಿಂಟಲ್ಲೇ ನಿಂತರೆ ನಿಮಗೆ ಸುಲಭ."

ಗಂಟಲಲ್ಲಿ ಮಂಡಕ್ಕಿ ಸಿಕ್ಕಿಕೊಂಡದ್ದು ನನಗೆ. ಅವರು ಹೇಳಿದ್ದು ಸರಿಯಾಗಿತ್ತು. ಒಂದು ದಾರಿಯಲ್ಲಿ ಹೋದರೆ ಬಿಡುಗಡೆ ಇದೆ, ಬಸ್ ಇಲ್ಲ. ಇನ್ನೊಂದರಲ್ಲಿ ಹೋದರೆ ಎರಡನೆಯ ಆರೋಪವನ್ನು ನಾನೇ ಕೈಯಾರೆ ಬರೆದುಕೊಟ್ಟಂತೆ. ಆತ ಗಾಡಿ ಬದಿಗೆ ಹಾಕಿದೆ ಎಂದಿದ್ದ. ಆದರೆ ಪೊಲೀಸರು ತಡೆದರೋ, ತಾನೇ ನಿಲ್ಲಿಸಿದನೋ ಎಂಬುದು ಆರೋಪಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಮೇಲೆ ಕೀಲಿ ಕೊಡಲಿಲ್ಲ ಎಂಬ ಮಾತು ಬೇರೆ ಇತ್ತು. ಕುಡಿದವರು ಮಾಡುವ ಕೆಲಸವೇ ಅದು. ಆತನನ್ನು ಕೇಳಿದರೆ, "ಕೀಲಿ ಯಾರೋ ಕೇಳಿದ್ದು ಗೊತ್ತೈತ್ರಿ, ಆಮ್ಯಾಲೆ ಏನಾತೋ ನೆಪ್ಪಿಲ್ಲ" ಎಂದ.

ಗಾಡಿಯಲ್ಲಿದ್ದ ಹೆಂಗಸರನ್ನೇ ಕೇಳಬೇಕಾಗಿತ್ತು. ಒಂದು ಭಾನುವಾರ ಬಸ್ಸು ಹಿಡಿದು ಹೊನ್ನಾಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನ್ಯಾಮತಿಗೆ ಇಳಿದೆ. ಶೆಡ್ಡು ಊರಾಚೆ ಇತ್ತು. ಸುಗ್ಗಿಯ ಕೊನೆಯ ದಿನಗಳು, ಕೈ ಬಿಡುವಂತಿಲ್ಲ. ಅಡಿಕೆಯ ರಾಶಿಯ ಸುತ್ತ, ಸಿಪ್ಪೆ ಸುಲಿಯುವ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹೆಂಗಸರು ಕೂತಿದ್ದರು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಒಂದೇ ಸಮನೆ ಬರುತ್ತಿತ್ತು. ನಾನು ಲಾಯರು ಎಂದ ತಕ್ಷಣ ಆ ಸದ್ದು ನಿಂತಿತು.

ಗುಂಪಿನ ಹಿರಿಯಾಕೆ ಎದ್ದು ಬಂದಳು. ಗಟ್ಟಿಮುಟ್ಟಾದ ಹೆಂಗಸು, ಹಸಿ ಅಡಿಕೆಯ ಚೊಗರಿನ ಕಲೆಯಿಂದ ಕಪ್ಪಾದ ಕೈ. "ನನ್ನ ಹಿಡಿಯಾಕೆ ಬಂದೀರೇನು ಲಾಯರಮ್ಮ?" ಎಂದು ಮೊದಲೇ ಕೇಳಿದಳು.

"ನಿಮ್ಮನ್ನ ಯಾಕಮ್ಮಾ ಹಿಡಿಯೋದು?"

"ಕೀಲಿ ಕೊಡಲಿಲ್ಲ ಅಂತ. ಪೊಲೀಸ್ನೋರು ಕೇಳಿದ್ರು, ನಾನು ಕೊಡಲಿಲ್ಲ."

ನನ್ನ ಕಿವಿ ನೆಟ್ಟಗಾಯಿತು. ಕೂತು ಮೊದಲಿನಿಂದ ಹೇಳಿ ಎಂದೆ. ಆಕೆ ಹೇಳಿದಳು. ಗಾಡಿ ರಸ್ತೆಗೆ ಬಂದು ಸ್ವಲ್ಪ ದೂರ ಹೋಗುವುದರೊಳಗೆ ಆತ, "ಯಕ್ಕಾ, ನನಗೆ ಯಾಕೋ ಆಗವಲ್ದು" ಎಂದನಂತೆ. ಗಾಡಿಯನ್ನು ಹುಣಸೆಮರದ ಕೆಳಗೆ ಬದಿಗೆ ನಿಲ್ಲಿಸಿ, ಮಿಣುಕು ದೀಪ ಹಾಕಿ, ಕೀಲಿ ಕಿತ್ತು ಆಕೆಯ ಕೈಯಲ್ಲಿಟ್ಟನಂತೆ.

"ಇಟ್ಟು ಏನಂದ ಗೊತ್ತೇನ್ರಿ? ಇದು ನಿನ್ ತಾವ ಇರ್ಲಿ ಯಕ್ಕಾ, ನಾನು ಕೇಳಿದ್ರೂ ಕೊಡಬ್ಯಾಡ, ಯಾರು ಕೇಳಿದ್ರೂ ಕೊಡಬ್ಯಾಡ ಅಂದ. ಅಂದು ಕೆಳಗಿಳಿದು ಮರ ಹಿಡ್ಕಂಡ. ಅಷ್ಟರಾಗೆ ಪೊಲೀಸ್ ಜೀಪ್ ಬಂತು. ಕೀಲಿ ಎಲ್ಲಿ ಅಂತ ಅವನ್ನ ಕೇಳಿದ್ರು, ಅವನಿಗೆ ಮಾತಾಡಾಕೆ ಬರವಲ್ದು. ಕೀಲಿ ನನ್ನ ಮಡಿಲಾಗೆ ಇತ್ತು. ಯಾರು ಕೇಳಿದ್ರೂ ಕೊಡಬ್ಯಾಡ ಅಂದಾನಲ್ಲ, ನಾನು ಸುಮ್ಕಿದ್ದೆ. ಜೋರು ಮಾಡಿದ ಮ್ಯಾಲೆ ಕೊಟ್ಟೆ."

ನನಗೆ ಆ ಕ್ಷಣ ಆದ ಸಂತೋಷ ಇಂಥದ್ದೆಂದು ಹೇಳಲಾರೆ. ಆಕೆಯನ್ನು ಅಪ್ಪಿಕೊಳ್ಳಬೇಕೆನಿಸಿತು, ಚೊಗರು ಸೀರೆಗೆ ಹತ್ತಿದರೆ ಹೋಗುವುದಿಲ್ಲವಲ್ಲ ಎಂದು ಸುಮ್ಮನಾದೆ. ಕುಡಿದವನ ಮೊಂಡುತನ ಎಂದು ಬರೆದಿದ್ದದ್ದು, ತಲೆ ತಿರುಗುವಾಗಲೂ ಆತ ಮಾಡಿದ ಒಂದೇ ಒಂದು ಸರಿಯಾದ ಕೆಲಸವಾಗಿತ್ತು. ಆದರೆ ಕೋರ್ಟಿಗೆ ಬರಬೇಕು ಎಂದಾಗ ಆಕೆ ಹಿಂದೇಟು ಹಾಕಿದಳು. ಪೊಲೀಸರ ಮಾತು ಕೇಳದ ತನ್ನನ್ನೇ ಒಳಗೆ ಹಾಕಿದರೆ ಎಂಬ ಹೆದರಿಕೆ. ಕೀಲಿ ಕೊಡದ್ದಕ್ಕೆ ಯಾರೂ ನಿಮ್ಮನ್ನು ಏನೂ ಮಾಡುವುದಿಲ್ಲ, ನೀವು ಬರದಿದ್ದರೆ ಮಾತ್ರ ಆತ ಬಸ್ ಹತ್ತುವುದಿಲ್ಲ ಎಂದೆ. ಆಕೆ ಉಳಿದ ಹೆಂಗಸರ ಮುಖ ನೋಡಿದಳು. "ಕರೆದ ದಿನ ಬರ್ತೀನಿ ಬಿಡ್ರಿ" ಎಂದು ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತಳು.

ಸಾಕ್ಷಿಗಳ ವಿಚಾರಣೆ ಬೇಸಿಗೆಯ ಆರಂಭದಲ್ಲಿ ನಡೆಯಿತು. ಮೊದಲು ಎಎಸ್‌ಐ ಕಟಕಟೆ ಹತ್ತಿದರು. ನಮ್ಮ ಚನ್ನಗಿರಿಯವರೇ, ನಿವೃತ್ತಿಗೆ ಹತ್ತಿರ ಬಂದವರು. ಕೆನ್ನೆಯೊಳಗೆ ಸದಾ ಎಲೆ ಅಡಿಕೆ ಇರುವ ಮನುಷ್ಯ. ಕಟಕಟೆ ಹತ್ತುವ ಮುಂಚೆ ಹೊರಗೆ ಹೋಗಿ ಉಗುಳಿ ಬಂದಿದ್ದರು.

ಉಸಿರು ಪರೀಕ್ಷೆ ಮಾಡಿಸಿದಿರಾ ಎಂದೆ. ಇಲ್ಲ ಎಂದರು. ರಕ್ತ? ಇಲ್ಲ. ನೀವು ನೋಡಿದಾಗ ಗಾಡಿ ಓಡುತ್ತಿತ್ತಾ? ಅವರು ಯೋಚಿಸಿ, "ಇಲ್ಲ, ಮರದ ಕೆಳಗೆ ನಿಂತಿತ್ತು, ದೀಪ ಮಿಣುಕ್ತಿದ್ವು" ಎಂದರು. ಇದು ಅವರ ಹೇಳಿಕೆಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದರು, ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಕೇಸು ಗೆದ್ದಂತೆಯೇ. ಸರ್ಕಾರಿ ವಕೀಲರು ನನ್ನನ್ನೇ ನೋಡುತ್ತಿದ್ದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರು ಸಾಕ್ಷಿಗೆ ಕೇಳಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ತಲೆಗೆ ಮೊಟಕಿ ಹೇಳಿದ್ದರು. ಹಿಂದೆ ತಿರುಗಿದೆ. ನನ್ನ ಕಕ್ಷಿದಾರ ತನ್ನ ಖಾಕಿ ಅಂಗಿಯಲ್ಲಿ, ಎರಡು ಕೈ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ. ತಪ್ಪಿಸಿಕೊಂಡ ಎಂಬ ಮಾತನ್ನು ಹೊತ್ತುಕೊಂಡು ಈತ ಊರಿಗೆ ಹೋಗಬೇಕಲ್ಲ ಎನಿಸಿತು. ಆಗಿದ್ದಾಗಲಿ ಎಂದು ಕೇಳಿಬಿಟ್ಟೆ.

"ನೀವು ಅಡಿಕೆ ಹಾಕ್ತೀರಾ?"

"ಹಾಕ್ತೀನಿ ಮೇಡಂ." ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹಸಿ ಅಡಿಕೆ?"

"ಸುಗ್ಗೀಲಿ ಹಾಕ್ತೀವಿ."

"ನಿಮಗೆ ಯಾವತ್ತಾದರೂ ಸೊಕ್ಕಿದೆಯಾ?"

"ಇಲ್ಲ. ಅಭ್ಯಾಸ ಇದ್ದೋರಿಗೆ ಏನೂ ಆಗಲ್ಲ."

"ಅಭ್ಯಾಸ ಇಲ್ಲದವರಿಗೆ?"

ಸರ್ಕಾರಿ ವಕೀಲರು ಆಕ್ಷೇಪಣೆ ಎತ್ತಲು ಅರ್ಧ ಎದ್ದರು. ನ್ಯಾಯಾಧೀಶರು ಉತ್ತರ ಬರಲಿ ಎಂದರು. ಎಎಸ್‌ಐ ಕಟಕಟೆಯ ಮರವನ್ನು ಹಿಡಿದು ನಿಂತರು. ಅವರು ಗೊತ್ತಿಲ್ಲ ಎಂದುಬಿಟ್ಟರೆ ನನ್ನ ಕಥೆ ಅಲ್ಲಿಗೆ ಮುಗಿಯಿತು.

"ನಮ್ಮ ಸೊಸೆ ಬಯಲುಸೀಮೆ ಕಡೆಯಾಕೆ. ಮದುವೆಯಾಗಿ ಬಂದ ಹೊಸದರಾಗೆ ಹಸಿ ಅಡಿಕೆ ಬಾಯಿಗೆ ಹಾಕ್ಕೊಂಡು ಗೋಡೆ ಹಿಡ್ಕೊಂಡು ಕೂತಿದ್ಲು. ಬೆವರು, ಕಣ್ಣು ಕೆಂಪು. ನನ್ ಹೆಂಡ್ತಿ ಉಪ್ಪು ನೆಕ್ಕಿಸಿದ್ಲು." ಅಷ್ಟು ಹೇಳಿ ಆರೋಪಿಯ ಕಡೆ ತಿರುಗಿದರು. "ಇವನು ಅಡಿಕೆ ತಿಂದೀನಿ ಅಂತ ಅವತ್ತು ಹೇಳಿದ್ದ. ನಾವು ನಕ್ಕುಬಿಟ್ವಿ. ಆಸ್ಪತ್ರೆ ಮುಗಿಸಿ ಸ್ಟೇಷನ್ನಿಗೆ ಕರ್ಕೊಂಡು ಬರೋ ಹೊತ್ತಿಗೆ ನೆಟ್ಟಗೆ ನಡೀತಿದ್ದ. ನನಗೆ ಆವಾಗ್ಲೇ ಹೊಳೀಬೇಕಿತ್ತು."

ಹಾಲಿನಲ್ಲಿ ಈಗ ಯಾರೂ ನಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟು ಗೌರವ ಬಂತೆಂದರೆ, ಮುಂದಿನ ಪ್ರಶ್ನೆ ಕೇಳಲು ಮರೆತು ನಿಂತಿದ್ದೆ. ಸುಳ್ಳು ಹೇಳುವುದು ಹಾಗಿರಲಿ, ನೆನಪಿಲ್ಲ ಎಂದಷ್ಟೇ ಅಂದಿದ್ದರೂ ಅವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ವೈದ್ಯರು ಚಿಕ್ಕ ವಯಸ್ಸಿನವರು, ರಾಯಚೂರು ಕಡೆಯಿಂದ ಬಂದವರು. ಅಡಿಕೆಯಿಂದ ಹೀಗಾಗುತ್ತದೆಂದು ತಾವು ಕಂಡಿರಲಿಲ್ಲ ಎಂದು ನೇರವಾಗಿ ಹೇಳಿದರು. ವಾಸನೆ ಬಾಯಿಂದ ಬಂತೋ ಬಟ್ಟೆಯಿಂದ ಬಂತೋ ಎಂದು ಕೇಳಿದೆ. ಹತ್ತಿರ ಬಂದಾಗ ಬಂತು, 'ಹಾ' ಅನ್ನಿಸಿ ಬಾಯಿಯನ್ನು ಪ್ರತ್ಯೇಕವಾಗಿ ನೋಡಲಿಲ್ಲ ಎಂದರು. ಮದ್ಯದ ಅಮಲಾಗಿದ್ದರೆ ಅಷ್ಟು ಬೇಗ ಇಳಿದು ನೆಟ್ಟಗೆ ನಡೆಯಲು ಆಗುತ್ತಿತ್ತೇ ಎಂದೆ. "ಕಷ್ಟ. ನಾನು ಬರೆದ ಲಕ್ಷಣಗಳು ಹಸಿ ಅಡಿಕೆಯಿಂದಲೂ ಬರಬಹುದು. ಆಮೇಲೆ ಓದಿಕೊಂಡೆ" ಎಂದರು.

ಕೊನೆಗೆ ನಮ್ಮ ಹಿರಿಯಾಕೆ. ಆಕೆ ತೊಳೆದು ತೊಳೆದು ಬಂದಿದ್ದರೂ ಕೈ ಕಪ್ಪಾಗಿಯೇ ಇತ್ತು. ಕೀಲಿಯ ವಿಷಯವನ್ನು ನನಗೆ ಹೇಳಿದಂತೆಯೇ, ಒಂದು ಮಾತು ಹೆಚ್ಚು ಕಡಿಮೆ ಇಲ್ಲದೆ ಹೇಳಿದಳು. ಸರ್ಕಾರಿ ವಕೀಲರು ಪಾಟೀಸವಾಲಿಗೆ ಎದ್ದರು.

"ನೀವು ಅವನ ಊರಿನವರೇ ತಾನೇ?"

"ಹೌದ್ರಿ."

"ನಿಮ್ಮ ಮನೆ ಮಕ್ಕಳು ಅವನ ಬಸ್ಸಿಗೇ ಹೋಗೋದಾ?"

"ಮೊಮ್ಮಗಳು ಹೋಗ್ತಾಳ್ರಿ."

"ಅಂದರೆ ಅವನನ್ನ ಉಳಿಸೋಕೆ ಹೀಗೆ ಹೇಳ್ತಿದ್ದೀರಿ."

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಸಾಹೇಬ್ರೇ, ಕುಡಿಯೋನ ಬಸ್ಸಿಗೆ ನನ್ ಮೊಮ್ಮಗಳನ್ನ ನಾನೇ ಕೈ ಹಿಡಿದು ಹತ್ತಿಸ್ತೀನೇನ್ರಿ?"

ಸರ್ಕಾರಿ ವಕೀಲರು ಪ್ರಶ್ನೆಗಳಿಲ್ಲ ಎಂದು ಕೂತರು. ಮೈ ಸರಿಯಿಲ್ಲದೆ ಗಾಡಿ ಓಡಿಸಿದ ಎಂಬ ಕಲಂ ಸೇರಿಸುವ ಅರ್ಜಿಯನ್ನು ಅವರು ಕೊನೆಗೂ ಹಾಕಲಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಯಾಕೆ ಸಾರ್ ಎಂದು ಕೇಳಿದರೆ, "ನಿಲ್ಲಿಸಿ ಕೀಲಿ ಕೊಟ್ಟವನ ಮೇಲೆ ಅದನ್ನ ಹಾಕಿದರೆ, ನಾಳೆ ಯಾರೂ ನಿಲ್ಲಿಸಲ್ಲ ಮೇಡಂ" ಎಂದರು. ಮಂಡಕ್ಕಿಗೆ ಆ ದಿನ ನಾನೇ ದುಡ್ಡು ಕೊಟ್ಟೆ.

ತೀರ್ಪು ಶಾಲೆ ತೆರೆಯುವ ಮುಂಚಿನ ವಾರ ಬಂತು. ಬಿಡುಗಡೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಕಾಯುತ್ತಿದ್ದದ್ದು ಅದರ ಕಾರಣಗಳಿಗೆ. ನ್ಯಾಯಾಧೀಶರು ಕನ್ನಡದಲ್ಲೇ ಓದಿದರು. ಪರೀಕ್ಷೆ ನಡೆದಿಲ್ಲ, ಆದ್ದರಿಂದ ಆರೋಪ ಸಾಬೀತಾಗಿಲ್ಲ ಎಂದರು. ಅಲ್ಲಿಗೆ ಮುಗಿಸುತ್ತಾರೇನೋ ಎಂದುಕೊಂಡೆ. ಅವರು ಹಾಳೆ ತಿರುವಿದರು. ಆರೋಪಿ ಮದ್ಯ ಸೇವಿಸಿರಲಿಲ್ಲ ಎಂಬ ವಿವರಣೆಯನ್ನು ಪೊಲೀಸ್ ಸಾಕ್ಷಿಯೇ ಬೆಂಬಲಿಸಿದ್ದಾರೆ, ಅದನ್ನು ಈ ನ್ಯಾಯಾಲಯ ನಂಬುತ್ತದೆ ಎಂದರು. ಮೈಯಲ್ಲಿ ಅಸ್ವಸ್ಥತೆ ಕಂಡ ಕೂಡಲೇ ವಾಹನ ನಿಲ್ಲಿಸಿ, ಕೀಲಿಯನ್ನು ಬೇರೆಯವರ ಕೈಗೆ ಒಪ್ಪಿಸಿದ್ದು ಎಚ್ಚರಿಕೆಯುಳ್ಳ ಚಾಲಕನ ನಡತೆ ಎಂದರು.

ಆತ ಕಟಕಟೆಯಲ್ಲೇ ಕಣ್ಣೊರೆಸಿಕೊಂಡ. ನನ್ನ ಕಣ್ಣೂ ಒದ್ದೆಯಾಗಿತ್ತು. ಮೊದಲ ಬೆಂಚಿನಲ್ಲಿ ಕೂತ ತಪ್ಪಿಗೆ ಅದನ್ನು ಮುಚ್ಚಿಕೊಳ್ಳಲು ಆಗಲಿಲ್ಲ. ತೀರ್ಪಿನ ನಕಲು ಸಿಕ್ಕ ದಿನ ಆತ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಶಾಲ್ಯಾಗೆ ಓದಿ ಹೇಳ್ತೀನ್ರಿ. ಇಟ್ಕಳ್ಳಾದು ಬಿಡಾದು ಅವರಿಗೆ ಬಿಟ್ಟಿದ್ದು" ಎಂದು ಜಗಳೂರು ಬಸ್ ಹತ್ತಿದ. ಅದಾದ ಮೇಲೆ ಸುದ್ದಿ ಇಲ್ಲ. ನಾನೇ ಫೋನ್ ಮಾಡೋಣವೆಂದುಕೊಂಡೆ, ಕೆಟ್ಟ ಸುದ್ದಿ ಕೇಳಬೇಕಾದರೆ ಎಂದು ಹೆದರಿ ಸುಮ್ಮನಾದೆ.

ಜೂನ್‌ನಲ್ಲಿ ಒಂದು ದಿನ, ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮೇಡಂ, ಶಾಲಿ ಮುಂದೆ ಬಸ್ ನಿಲ್ಸೀನ್ರಿ, ಮಕ್ಳು ಇಳೀತಾ ಅದಾವೆ. ಓಡಿಸ್ತಾ ಮಾತಾಡ್ತಿಲ್ರಿ."

"ಗೊತ್ತು, ಹೇಳಿ" ಎಂದೆ. ನನಗೆ ನಗು ತಡೆಯಲಾಗಲಿಲ್ಲ.

"ಅವತ್ತು ಹೇಳಿದ್ನಲ್ರಿ, ಒಬ್ಬ ತಾಯಿ ಮಗೀನ ಕಳಸಂಗಿಲ್ಲ ಅಂದಿದ್ಲು ಅಂತ. ಇವತ್ತು ಅವರ ಓಣಿ ತಾವ ನಿಲ್ಲಿಸ್ಲೋ ಬ್ಯಾಡೋ ಅಂತ ನಿಧಾನಕ್ಕೆ ಹೋದೆ. ಆಯಮ್ಮ ಮಗೀನ ಕರ್ಕಂಡು ರೋಡಿನಾಗೆ ನಿಂತಿದ್ಲು. ಹತ್ತಿಸಿದ್ಲು."

"ಏನಾದರೂ ಅಂದಳಾ?"

"ಕೇಸಿಂದು ಏನೂ ಕೇಳಲಿಲ್ರಿ. ಟಿಫನ್ ಡಬ್ಬಿ ಕೈಗೆ ಕೊಟ್ಟು, ಮಧ್ಯಾಹ್ನ ಇವನು ಉಣ್ಣದೇ ವಾಪಸ್ ತರ್ತಾನೆ, ಸ್ವಲ್ಪ ನೋಡ್ರಿ ಅಣ್ಣ ಅಂದ್ಲು. ಮೊದ್ಲೆಲ್ಲ ದಿನಾ ಹಿಂಗೇ ಅಂತಿದ್ಲು."